ಮುಂಗಡದ ಹಣವೂ ಅಂಗಿಯ ಅಚ್ಚಿನ ಉದ್ಯೋಗವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಉದ್ಯೋಗ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ಮಾತನಾಡತಕ್ಕವರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿರುವರೆಂದು ತಿಳಿದಾಗ ನನಗೆ ಹರ್ಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನನಗಿಂತ ಮೊದಲು ಮಾತನಾಡಿದ ಹಿರಿಯರು ಅಡಿಕೆಯ ವ್ಯಾಪಾರದಲ್ಲಿಯೂ ಗಿರಣಿಯ ಉದ್ಯೋಗದಲ್ಲಿಯೂ ಎರಡು ಮೂರು ತಲೆಮಾರುಗಳಿಂದ ಹೆಸರು ಗಳಿಸಿದ ಮನೆತನದವರು. ನಾನಾದರೋ ಒಂದು ಉದ್ಯಮವನ್ನು ಕಟ್ಟಿ, ಕೆಡಿಸಿ, ಅದರ ಋಣವನ್ನು ಹೊತ್ತುಕೊಂಡು ಊರಿಗೆ ಮರಳಿದವನು. ಈಗ ದಾವಣಗೆರೆಯಲ್ಲಿ ಟೀ-ಷರ್ಟುಗಳ ಮೇಲೆ ಬೇಕಾದವರಿಗೆ ಬೇಕಾದ ಹೆಸರನ್ನೂ ಚಿತ್ರವನ್ನೂ ಅಚ್ಚು ಹಾಕಿಕೊಡುವ ಒಂದು ಸಣ್ಣ ಅಂಗಡಿಯನ್ನು ನಡೆಯಿಸುತ್ತಿರುವವನು. ಕಾರ್ಯದರ್ಶಿಗಳೊಡನೆ ಇದನ್ನು ಅರಿಕೆ ಮಾಡಿಕೊಂಡಾಗ ಅವರು, "ಗೆದ್ದ ಬಗೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ; ನೀವು ಕೆಟ್ಟ ಬಗೆಯನ್ನು ಹೇಳಿರಿ" ಎಂದರು. ಅವರ ಅಪ್ಪಣೆಯಂತೆ ಕೆಟ್ಟುದರಿಂದಲೇ ಆರಂಭಿಸುತ್ತೇನೆ.

2016ನೆಯ ಇಸವಿ ಜನವರಿ 16ರಂದು ಭಾರತ ಸರಕಾರವು 'ಸ್ಟಾರ್ಟ್‌ಅಪ್ ಇಂಡಿಯಾ' ಎಂಬ ಯೋಜನೆಯನ್ನು ಆರಂಭಿಸಿದುದು ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ಕಾಲದಲ್ಲಿ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ತರುಣರಿಗೆಲ್ಲ ಅದೊಂದು ಹುಚ್ಚೇ ಹಿಡಿದಿತ್ತು. ನಾವು ಮೂವರು ಗೆಳೆಯರು 2017ರಲ್ಲಿ ನೌಕರಿ ಬಿಟ್ಟು ಒಂದು ಕಂಪನಿಯನ್ನು ರಿಜಿಸ್ಟರು ಮಾಡಿಸಿದೆವು. ಮದುವೆ ಮಾಡತಕ್ಕವರು ತಮ್ಮ ಕೈಯೊಳಗಿನ ಮೊಬೈಲಿನಿಂದಲೇ ಕಲ್ಯಾಣ ಮಂಟಪವನ್ನೂ ಅಡಿಗೆಯವರನ್ನೂ ಶಾಮಿಯಾನದವರನ್ನೂ ಗೊತ್ತುಮಾಡಿಕೊಳ್ಳಬೇಕೆಂಬುದು ನಮ್ಮ ಸಂಕಲ್ಪ. ತುಮಕೂರಿನಿಂದ ದಾವಣಗೆರೆಯವರೆಗಿನ ಮಂಟಪಗಳನ್ನು ಸೇರಿಸಿದೆವು. ಕಚೇರಿ ಬೆಂಗಳೂರಿನಲ್ಲಿ, ಹನ್ನೊಂದು ಮಂದಿ ನೌಕರರು, ಎಲ್ಲರಿಗೂ ಕಂಪನಿಯ ಹೆಸರು ಎದೆಯ ಮೇಲೆ ಅಚ್ಚಾದ ಟೀ-ಷರ್ಟುಗಳು. ಈ ಷರ್ಟುಗಳ ಮಾತು ಮುಂದೆ ಬರುವುದು.

ಗಿರಾಕಿಗಳು ಮಂಟಪಕ್ಕೆಂದು ಕೊಡುತ್ತಿದ್ದ ಮುಂಗಡವು ಮೊದಲು ನಮ್ಮ ಖಾತೆಗೆ ಬರುತ್ತಿದ್ದಿತು. ಮದುವೆಗೆ ಒಂದು ತಿಂಗಳು ಮುಂಚೆ ಅದನ್ನು ಮಂಟಪದವರಿಗೆ ನಾವು ತಲುಪಿಸತಕ್ಕದ್ದು. ನಡುವಣ ನಾಲ್ಕೈದು ತಿಂಗಳು ಆ ಹಣವು ನಮ್ಮಲ್ಲಿಯೇ ಇರುವುದಷ್ಟೆ. ನಮ್ಮ ಆದಾಯವೆಂದರೆ ಅದರಲ್ಲಿ ಸಿಕ್ಕುವ ಅಲ್ಪವಾದ ದಲಾಲಿ ಮಾತ್ರ. ಖರ್ಚಾದರೋ ಅದರ ಮೂರು ಪಟ್ಟು. 2019ರ ಒಂದು ತಿಂಗಳಲ್ಲಿ ಸಂಬಳಕ್ಕೆ ಹಣ ಸಾಲದೆ ಹೋದಾಗ ಮುಂಗಡದ ಹಣದಿಂದ ಸ್ವಲ್ಪವನ್ನು ತೆಗೆದೆವು. ಬರುವ ತಿಂಗಳಲ್ಲಿ ತುಂಬಿಬಿಡುವೆವೆಂದುಕೊಂಡೆವು. ಮುಂದಿನ ತಿಂಗಳು ಹೊಸ ಮುಂಗಡಗಳು ಬಂದುವು. ಹಳೆಯ ಮಂಟಪದವರಿಗೆ ಆ ಹಣದಿಂದ ಕೊಟ್ಟೆವು. ಹೀಗೆ ಒಬ್ಬರ ಮಗಳ ಮದುವೆಯ ಹಣದಿಂದ ಇನ್ನೊಬ್ಬರ ಮಗಳ ಮದುವೆಯನ್ನು ನಡೆಯಿಸುತ್ತ ಹೋದೆವು. ಇದನ್ನು ಆಗ ನಾವು ಮೋಸವೆಂದು ತಿಳಿಯಲಿಲ್ಲ. ಲೆಕ್ಕದ ಹಾಳೆಯಲ್ಲಿ ಅದಕ್ಕೊಂದು ಇಂಗ್ಲಿಷು ಹೆಸರು ಇದ್ದಿತು. ಹೆಸರಿದ್ದುದರಿಂದ ಅದು ಮರ್ಯಾದೆಯ ವಸ್ತುವೆಂದೇ ನಂಬಿದ್ದೆವು. ಹಣ ಹೂಡುವೆನೆಂದು ಮಾತು ಕೊಟ್ಟಿದ್ದವರೊಬ್ಬರು 2020ರ ಫೆಬ್ರವರಿಯಲ್ಲಿ ಹಿಂದೆಗೆದರು. ಅವರನ್ನು ನಾನು ದೂರುವುದಿಲ್ಲ. ನಮ್ಮ ಲೆಕ್ಕವನ್ನು ನೋಡಿದ ಬುದ್ಧಿವಂತರು ಮಾಡತಕ್ಕುದನ್ನೇ ಅವರು ಮಾಡಿದರು.

ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಮದುವೆಗಳು ನಿಂತುವು. ಮುಂದೆ ಅನುಮತಿ ದೊರೆತಾಗಲೂ ಐವತ್ತೇ ಜನರೆಂದು ಕಟ್ಟಳೆಯಾಯಿತು. ಐವತ್ತು ಜನರ ಮದುವೆಗೆ ಕಲ್ಯಾಣ ಮಂಟಪವೇತಕ್ಕೆ? ಇಪ್ಪತ್ತೇಳು ಮನೆಯವರು ತಮ್ಮ ಮುಂಗಡವನ್ನು ಹಿಂದಕ್ಕೆ ಕೇಳಿದರು. ಅವರಿಗೆ ಸಲ್ಲತಕ್ಕ ಹಣ 11,40,000 ರೂಪಾಯಿ, ಬ್ಯಾಂಕಿನಲ್ಲಿದ್ದುದು 3,10,000. ರೋಗದ ದೆಸೆಯಿಂದ ಕಂಪನಿ ಮುಳುಗಿತೆಂದು ನಾನು ಒಂದು ವರ್ಷ ಎಲ್ಲರೊಡನೆಯೂ ಹೇಳಿಕೊಂಡು ತಿರುಗಿದೆನು. ಅದು ಸುಳ್ಳು. ರೋಗವು ಬಂದು ದೀಪವನ್ನು ಹಚ್ಚಿತು. ಬೊಕ್ಕಸ ಬರಿದಾಗಿದ್ದುದು ಆ ಬೆಳಕಿನಲ್ಲಿ ಕಂಡಿತು, ಅಷ್ಟೆ.

ನಾನು ದಾವಣಗೆರೆಗೆ, ತಂದೆಯವರ ಮನೆಗೆ ಬಂದೆನು. ಜೂನ್ ತಿಂಗಳಲ್ಲಿ ಒಂದು ದಿನ ಹರಿಹರದ ಕಡೆಯ ರೈತರೊಬ್ಬರು ವಿಳಾಸ ವಿಚಾರಿಸಿಕೊಂಡು ಮನೆಯ ಬಾಗಿಲಿಗೆ ಬಂದರು. ಬೈಯುವರೆಂದು ನಾನು ಒಳಗೇ ಕುಳಿತಿದ್ದೆನು. ತಂದೆಯವರು ಕರೆದು ಎದುರಿಗೆ ನಿಲ್ಲಿಸಿದರು. ಅವರು ಬೈಯಲಿಲ್ಲ. ನಮ್ಮ ತಾಯಿಯವರು ಕೊಟ್ಟ ಮಜ್ಜಿಗೆಯನ್ನು ಕುಡಿದು, ಲೋಟವನ್ನು ಕೆಳಗಿಟ್ಟು, "ನಮ್ ದುಡ್ಡು ನಿಮ್ ಹತ್ರ ಇತ್ತಲ್ಲಪ್ಪಾ, ಅದು ಎಲ್ಲಿಗೆ ಹೋತು?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಮಂಟಪದವರಿಗೆ ಹೋಗಿಲ್ಲ, ಮದುವೆಯೂ ಆಗಿಲ್ಲ, ಇಟ್ಟ ಹಣ ಇಟ್ಟಲ್ಲಿ ಇರಬೇಕಲ್ಲವೆ? ಎಂ.ಬಿ.ಎ. ಓದಿದ ನಾನು ಅವರಿಗೆ ಏನು ಉತ್ತರ ಕೊಡಲಿ? ಆ ದಿನ ನನ್ನ ಕಾರನ್ನು ಮಾರುವುದೆಂದು ನಿಶ್ಚಯಿಸಿದೆನು. ಅದರಿಂದ 2,30,000 ಬಂದಿತು. ಬ್ಯಾಂಕಿನಲ್ಲಿದ್ದುದನ್ನೂ ಕೂಡಿಸಿ ಹದಿಮೂರು ಮನೆಯವರ ಹಣವನ್ನು ಪೂರ್ತಿಯಾಗಿ ಕೊಟ್ಟೆವು. ಉಳಿದ ಹದಿನಾಲ್ಕು ಮನೆಯವರಿಗೆ ಸಲ್ಲತಕ್ಕುದು ಸರಿಯಾಗಿ ಆರು ಲಕ್ಷ. ಅವರಿಗೆಲ್ಲ ಎಷ್ಟು ಕೊಡಬೇಕಾಗಿದೆಯೆಂಬುದನ್ನು ಬರೆದು, ಸಹಿ ಮಾಡಿ, ಅಂಚೆಯಲ್ಲಿ ಕಳುಹಿಸಿದೆನು. ಗೆಳೆಯರಿಬ್ಬರು ಮತ್ತೆ ನೌಕರಿಗೆ ಸೇರಿ ತಿಂಗಳು ತಿಂಗಳು ಕೈಲಾದುದನ್ನು ಕಳುಹಿಸತೊಡಗಿದರು.

ಇನ್ನು ಅಂಗಿಯ ಮಾತು. ಕಂಪನಿಯ ಹೆಸರಿನ ಷರ್ಟುಗಳಲ್ಲಿ ಅರವತ್ತು ಹಂಚದೆ ಉಳಿದು, ಎರಡು ಮೂಟೆಗಳಾಗಿ ನಮ್ಮ ಮನೆಯ ಅಟ್ಟದ ಮೇಲೆ ಬಿದ್ದಿದ್ದುವು. ನಮ್ಮ ಓಣಿಯ ಹುಡುಗರು ಕ್ರಿಕೆಟ್ಟಿನ ಪಂದ್ಯಕ್ಕೆ ಒಂದೇ ಬಗೆಯ ಅಂಗಿಗಳು ಬೇಕೆಂದು, "ಅಣ್ಣಾ, ಬೆನ್ನ ಮೇಲೆ ನಮ್ಮ ತಂಡದ ಹೆಸರು ಹಾಕಿಸಿಕೊಡಿ, ದುಡ್ಡು ಕೊಡುತ್ತೇವೆ" ಎಂದರು. ಮದುವೆಯ ಲಗ್ನಪತ್ರಿಕೆಗಳನ್ನೂ ಬಟ್ಟೆಯ ಚೀಲಗಳನ್ನೂ ಅಚ್ಚು ಹಾಕುತ್ತಿದ್ದ ಹಿರಿಯರೊಬ್ಬರು ಹತ್ತಿರದಲ್ಲಿಯೇ ಇದ್ದರು. ಮದುವೆಗಳಿಲ್ಲದೆ ಅವರ ಕೆಲಸವೂ ನಿಂತಿದ್ದಿತು. ಅವರಲ್ಲಿಗೆ ಹದಿನೈದು ಅಂಗಿಗಳನ್ನು ಒಯ್ದೆನು. ಪಂದ್ಯದ ದಿನ ಹುಡುಗರು ಮೈದಾನದಲ್ಲಿ ಓಡಾಡುತ್ತಿದ್ದರು: ಬೆನ್ನ ಮೇಲೆ ಅವರ ತಂಡದ ಹೆಸರು, ಎದೆಯ ಮೇಲೆ ಸತ್ತುಹೋದ ನಮ್ಮ ಕಂಪನಿಯ ಹೆಸರು. ನನಗೆ ನಗುವೂ ಬಂದಿತು, ಇನ್ನೊಂದೂ ಬಂದಿತು. ಆದರೆ ಖರ್ಚು ಕಳೆದು ಕೈಯಲ್ಲಿ 900 ರೂಪಾಯಿ ಉಳಿದಿತ್ತು. ಮೂರು ವರ್ಷದ ಕಂಪನಿಯಲ್ಲಿ ಒಂದು ದಿನವೂ ಹಾಗೆ ಖರ್ಚು ಕಳೆದು ಉಳಿದಿರಲಿಲ್ಲ.

ಆ ಹಿರಿಯರೇ ನನಗೆ ಗುರುಗಳಾದರು. ಸ್ಕ್ರೀನ್ ಪ್ರಿಂಟಿಂಗ್ ಎಂಬ ಕೆಲಸವನ್ನು ನೋಡದವರಿಗಾಗಿ ಎರಡು ಮಾತು. ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿಯ ಬಟ್ಟೆಗೆ, ಬೆಳಕು ಬಿದ್ದರೆ ಗಟ್ಟಿಯಾಗುವ ಒಂದು ಲೇಪವನ್ನು ಕತ್ತಲೆಯ ಕೋಣೆಯಲ್ಲಿ ಹಚ್ಚುವರು. ಚಿತ್ರವನ್ನು ಕಪ್ಪಾಗಿ ತೆಗೆದ ಹಾಳೆಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ, ಚಿತ್ರದ ನೆರಳು ಬಿದ್ದಲ್ಲಿ ಲೇಪವು ಹಸಿಯಾಗಿಯೇ ಉಳಿದು ನೀರಿನಲ್ಲಿ ತೊಳೆದುಹೋಗುವುದು. ಆ ಕಿಂಡಿಯ ಮೂಲಕ ರಬ್ಬರಿನ ಪಟ್ಟಿಯಿಂದ ಶಾಯಿಯನ್ನು ಎಳೆದಾಗ ಕೆಳಗಿನ ಅಂಗಿಯ ಮೇಲೆ ಅಚ್ಚು ಮೂಡುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಬೇಕು. ಪ್ಲಾಸ್ಟಿಸಾಲ್ ಎಂಬ ಶಾಯಿಯು ಸುಮಾರು 160 ಡಿಗ್ರಿ ಸೆಂಟಿಗ್ರೇಡಿನ ಶಾಖವನ್ನು ಉಣ್ಣದೆ ಬಲಿಯುವುದಿಲ್ಲ. ಮೇಲೆ ಮುಟ್ಟಿ ನೋಡಿದರೆ ಒಣಗಿದಂತೆಯೇ ಇರುವುದು, ಒಳಗೆ ಹಸಿ. ಎರಡನೆಯ ಒಗೆತಕ್ಕೆ ಸೀಳಿ ಉದುರುವುದು. ನನ್ನ ಮೊದಲ ನಲವತ್ತು ಅಂಗಿಗಳು ಹೀಗೆಯೇ ಉದುರಿದುವು. "ಹೊರಗೆ ಒಣಗಿದ್ದನ್ನು ನಂಬಬೇಡ" ಎಂದು ಹಿರಿಯರು ಹೇಳಿದಾಗ, ಇವರು ಶಾಯಿಯ ಮಾತನ್ನು ಆಡುತ್ತಿರುವರೋ ನನ್ನ ಹಳೆಯ ಕಂಪನಿಯ ಮಾತನ್ನು ಆಡುತ್ತಿರುವರೋ ಎಂದು ಸಂದೇಹವಾಯಿತು.

ದಾವಣಗೆರೆಯು ಒಂದಾನೊಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದುದನ್ನು ತಾವು ಬಲ್ಲಿರಿ. ನಮ್ಮ ಅಜ್ಜಂದಿರು ಅಂಥದೊಂದು ಗಿರಣಿಯಲ್ಲಿ ದುಡಿದವರು. ಆದರೆ ಟೀ-ಷರ್ಟಿನ ಬಟ್ಟೆಯು ಮಗ್ಗದಲ್ಲಿ ನೇಯ್ದುದಲ್ಲ, ಬನಿಯನ್ನಿನಂತೆ ಹೆಣೆದುದು. ಅದಕ್ಕೆ ನಮ್ಮ ದೇಶದಲ್ಲಿ ಪ್ರಸಿದ್ಧವಾದ ಊರು ತಮಿಳುನಾಡಿನ ತಿರುಪ್ಪೂರು. 2021ರ ಆರಂಭದಲ್ಲಿ ನಾನು ಅಲ್ಲಿಗೆ ಹೋದೆನು. ಬಟ್ಟೆಯನ್ನು ಅಲ್ಲಿ ತೂಕದಿಂದ ಮಾತನಾಡುವರು: ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು. 180 ಗ್ರಾಮಿನದು ಮೈಗೆ ಒಪ್ಪವಾಗಿಯೂ ಬಾಳಿಕೆಯಾಗಿಯೂ ಇರುವುದು. ಚುನಾವಣೆಗೆ ಹಂಚುವ ಅಂಗಿಗಳು ಅದಕ್ಕಿಂತ ಬಹಳ ತೆಳು. ಬಾಚಿದ ನೂಲೋ ಬಾಚದ ನೂಲೋ, ಮೇಲಣ ಜುಂಗನ್ನು ತೆಗೆಯುವ ಬಯೋವಾಷ್ ಆಗಿದೆಯೋ ಇಲ್ಲವೋ, ಒಗೆದರೆ ಎಷ್ಟು ಕುಗ್ಗುವುದು, ಈ ಸಲದ ಕೆಂಪೂ ಹೋದ ಸಲದ ಕೆಂಪೂ ಒಂದೇ ಹೌದೋ ಅಲ್ಲವೋ, ಇವನ್ನೆಲ್ಲ ಕೇಳಬೇಕೆಂದು ಒಂದು ಮೂಟೆ ಕೆಟ್ಟ ಮಾಲನ್ನು ಕೊಂಡ ಮೇಲೆ ಕಲಿತೆನು. ಬಣ್ಣದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ತಿರುಪ್ಪೂರಿನ ಬಣ್ಣಗಾರಿಕೆಯ ಕೊಳಚೆಯಿಂದ ನೊಯ್ಯಲ್ ನದಿಯು ಕೆಟ್ಟು, ಕೆಳಗಿನ ರೈತರ ಹೊಲಗಳು ಹಾಳಾಗಿ, 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಕೊಳಚೆಯ ನೀರನ್ನು ಹೊರಗೆ ಬಿಡದೆ ಶುದ್ಧಿ ಮಾಡುವ ಏರ್ಪಾಡಾಗುವವರೆಗೆ ತೆರೆಯಗೊಡಲಿಲ್ಲ. ಅಂಗಿಯ ಬೆಲೆ ಎಲ್ಲಿಯಾದರೂ ಆಶ್ಚರ್ಯವಾಗುವಷ್ಟು ಅಗ್ಗವಾಗಿ ಕಂಡರೆ ನಾನು ಈಗ ಎರಡು ಪ್ರಶ್ನೆ ಹೆಚ್ಚಾಗಿ ಕೇಳುತ್ತೇನೆ.

ತರುಣರು ಲಾಭದ ಲೆಕ್ಕವನ್ನು ಕೇಳುವುದರಿಂದ ನಮ್ಮ ಅಂಗಡಿಯ ಲೆಕ್ಕವನ್ನೇ ಹೇಳುವೆನು. ಎರಡು ಬಣ್ಣದ ಅಚ್ಚಿನ ನೂರು ಅಂಗಿಗಳೆಂದು ಇಟ್ಟುಕೊಳ್ಳಿರಿ. ಬರಿಯ ಅಂಗಿ 150 ರೂಪಾಯಿ. ಚೌಕಟ್ಟುಗಳೆರಡಕ್ಕೆ 800, ಅಂಗಿಗೆ 8 ಬಿತ್ತು. ಶಾಯಿ ಕೂಲಿ 20, ಕೆಟ್ಟುಹೋಗುವ ಮಾಲಿನ ಬಾಬತ್ತು 5, ಸಾಗಾಣಿಕೆ 5. ಒಟ್ಟು 188. ಮಾರುವುದು 240ಕ್ಕೆ. ಉಳಿದ 52ರಲ್ಲಿ ಬಾಡಿಗೆ, ವಿದ್ಯುತ್ತು, ನನ್ನ ಹೊಟ್ಟೆ, ಹಳೆಯ ಸಾಲ. ಅದೇ ಕೆಲಸವನ್ನು ಒಂದೇ ಅಂಗಿಗೆ ಮಾಡಿಕೊಡೆಂದರೆ ಚೌಕಟ್ಟಿನ 800 ಆ ಒಂದರ ಮೇಲೆಯೇ ಕೂಡುವುದು. ಆದುದರಿಂದ ಒಂದೆರಡು ಅಂಗಿ ಬೇಕೆನ್ನುವವರಿಗೆ ಫಿಲ್ಮಿನ ಮೇಲೆ ಮುದ್ರಿಸಿ ಶಾಖದಿಂದ ಒತ್ತುವ ಬೇರೆ ವಿಧಾನವನ್ನು ಅನುಸರಿಸುತ್ತೇವೆ. ಪಾಲಿಯೆಸ್ಟರಿನ ಆಟದ ಅಂಗಿಗಳಿಗೆ ಇನ್ನೊಂದು ವಿಧಾನ. ಅದು ಹತ್ತಿಗೆ ಹತ್ತುವುದಿಲ್ಲ.

ಇದರಲ್ಲಿ ನನಗೆ ಮುಖ್ಯವಾಗಿ ಕಂಡುದು ಬೇರೆಯೇ. ಈ ಉದ್ಯೋಗದಲ್ಲಿ ಗಿರಾಕಿಯು ಮೊದಲು ಬರುವನು, ಮಾಲು ಆಮೇಲೆ ಹುಟ್ಟುವುದು. ಅಮೆರಿಕದ ಪ್ರಾವಿಡೆನ್ಸ್ ಎಂಬ ನಗರದಲ್ಲಿ 2011ರಲ್ಲಿ ವಾಕರ್ ವಿಲಿಯಮ್ಸ್, ಇವಾನ್ ಸ್ಟೈಟ್ಸ್-ಕ್ಲೇಟನ್ ಎಂಬ ಇಬ್ಬರು ಇದನ್ನೇ ದೊಡ್ಡದಾಗಿ ಮಾಡಿದರು. ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೂಡುತ್ತಿದ್ದ ಒಂದು ಸ್ಥಳವನ್ನು ಅಧಿಕಾರಿಗಳು ಮುಚ್ಚಿಸಿದ್ದರು. ಅದು ಎಂಥ ಸ್ಥಳವೆಂಬುದನ್ನು ಈ ವೇದಿಕೆಯ ಮೇಲಿಂದ ಹೇಳಲಾರೆನು, ತಾವೇ ಊಹಿಸಿಕೊಳ್ಳಬೇಕು. ಅದರ ನೆನಪಿಗೆ ಅಂಗಿಗಳನ್ನು ಮಾಡಿಸಬೇಕೆಂದಾಗ, ಮೊದಲು ಕೊಳ್ಳುವವರು ಹೆಸರು ಕೊಡಲಿ, ಗೊತ್ತಾದ ಸಂಖ್ಯೆ ಕೂಡಿದರೆ ಅಚ್ಚು ಹಾಕೋಣ, ಕೂಡದಿದ್ದರೆ ಯಾರಿಂದಲೂ ಹಣ ತೆಗೆದುಕೊಳ್ಳುವುದು ಬೇಡ ಎಂಬ ಉಪಾಯವನ್ನು ಹೂಡಿದರು. ಅದೇ ಟೀಸ್ಪ್ರಿಂಗ್ ಎಂಬ ಕಂಪನಿಯಾಯಿತು. 2021ರಲ್ಲಿ ಸ್ಪ್ರಿಂಗ್ ಎಂದು ಹೆಸರನ್ನು ಬದಲಾಯಿಸಿಕೊಂಡಿತು. ಇದನ್ನು ಓದಿದಾಗ ನನಗೆ ಸಂತೋಷವಾಯಿತು. ಕೂಡಲೇ ಭಯವೂ ಆಯಿತು. ಮೊದಲು ಹಣ, ಆಮೇಲೆ ಮಾಲು ಎಂದರೆ ಮತ್ತೆ ಮುಂಗಡವೇ ಅಲ್ಲವೆ? ಯಾವ ಹಳ್ಳದಲ್ಲಿ ಬಿದ್ದೆನೋ ಅದರ ದಂಡೆಯ ಮೇಲೆಯೇ ಮನೆ ಕಟ್ಟಿದಂತಾಯಿತು.

ಆದುದರಿಂದ ಬ್ಯಾಂಕಿನಲ್ಲಿ ಎರಡು ಖಾತೆಗಳನ್ನು ಮಾಡಿದೆನು. ಅರ್ಧ ಹಣವನ್ನು ಮುಂಗಡವಾಗಿ ತೆಗೆದುಕೊಳ್ಳುವುದು; ಅದು ಒಂದು ಖಾತೆಗೆ ಹೋಗುವುದು; ಅದೇ ಗಿರಾಕಿಯ ಅಂಗಿಗೂ ಶಾಯಿಗೂ ಹೊರತು ಅದರಿಂದ ಕಾಸನ್ನೂ ತೆಗೆಯಕೂಡದು. ಅಂಗಿಗಳನ್ನು ಒಪ್ಪಿಸಿದ ಮೇಲೆ ಉಳಿದುದು ಎರಡನೆಯ ಖಾತೆಗೆ. ಇದನ್ನು ಕಟ್ಟಿದುದು ಸುಲಭವಾಗಿತ್ತು.

ಪರೀಕ್ಷೆಯು ಅದೇ ವರ್ಷದ ರಾಜ್ಯೋತ್ಸವಕ್ಕೆ ಬಂದಿತು. ನವೆಂಬರ್ 1 ನಮ್ಮ ಉದ್ಯೋಗಕ್ಕೆ ಸುಗ್ಗಿ; ಕಾಲೇಜುಗಳಿಗೂ ಕಂಪನಿಗಳಿಗೂ ಹಳದಿ ಕೆಂಪಿನ ಅಂಗಿಗಳು ಬೇಕು. ಇಂಜಿನಿಯರಿಂಗ್ ವಿದ್ಯಾರ್ಥಿಗಳು 220 ಅಂಗಿಗಳಿಗೆ ಹೇಳಿದ್ದರು, ಎದೆಯ ಮೇಲೆ 'ಕನ್ನಡ ರಾಜ್ಯೋತ್ಸವ' ಎಂಬ ಅಕ್ಷರಗಳು. ಹಾಳೆ ತೆಗೆಯುವುದಕ್ಕೆ ಬೇರೊಂದು ಕಡೆಗೆ ಕಡತವನ್ನು ಕಳುಹಿಸಿದ್ದೆನು. ಅಲ್ಲಿಯ ಯಂತ್ರದಲ್ಲಿ ನಮ್ಮ ಅಕ್ಷರಶೈಲಿ ಇರಲಿಲ್ಲ. ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರವನ್ನು ಕೂಡಿಸುವ ಬಗೆ ತಿಳಿಯದು. ಒತ್ತುಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಬಿಡಿ ಅಕ್ಷರಗಳಾಗಿ ನಿಂತುವು. ಅವಸರದಲ್ಲಿ ನಾನಾಗಲಿ ಕೆಲಸದ ಹುಡುಗನಾಗಲಿ ನೋಡಲಿಲ್ಲ. ರಾತ್ರಿಯೆಲ್ಲ ಅಚ್ಚು ಹಾಕಿ ಬೆಳಗ್ಗೆ ಹರಡಿದಾಗ 220 ಅಂಗಿಗಳ ಮೇಲೆಯೂ 'ಕನ್ನಡ'ವೆಂಬ ಹೆಸರೇ ಮುರಿದು ಬಿದ್ದಿತ್ತು. ಅಂದು ಅಕ್ಟೋಬರ್ 28.

ಹೊಸ ಅಂಗಿಗಳಿಗೆ ಆ ದಿನವೇ ಮೂವತ್ತಮೂರು ಸಾವಿರ ಬೇಕು. ನನ್ನ ಖಾತೆಯಲ್ಲಿ ಆರು ಸಾವಿರವಿದ್ದಿತು. ಮುಂಗಡದ ಖಾತೆಯಲ್ಲಿ ಬೇರೊಬ್ಬ ಗಿರಾಕಿಯ ಮೂವತ್ತೆಂಟು ಸಾವಿರ ಇದ್ದಿತು. ಅವರ ಅಂಗಿಗಳು ಬೇಕಾದುದು ನವೆಂಬರ್ ಕೊನೆಗೆ. ನಾಲ್ಕು ದಿನದ ಮಾತು, ಯಾರಿಗೂ ತಿಳಿಯದು, ತುಂಬಿಬಿಡಬಹುದು. ತಮ್ಮೆದುರಿಗೆ ಸುಳ್ಳು ಹೇಳಲಾರೆನು: ಮೊಬೈಲಿನಲ್ಲಿ ಮೊತ್ತವನ್ನು ಬರೆದಾಗಿತ್ತು, ಗುಪ್ತಸಂಖ್ಯೆಯೊಂದನ್ನು ಒತ್ತುವುದು ಉಳಿದಿತ್ತು. ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ ಆ ರೈತರ ಮುಖವು ನೆನಪಾಯಿತೆಂದು ಹೇಳಿದರೆ ಕಥೆಗೆ ಸೊಗಸಾದೀತು. ನಿಜವಾಗಿ ಆದುದು ಇಷ್ಟು: ನನ್ನ ಮಡದಿಯು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಯಾವ ಖಾತೆಯಿಂದ ರೀ?" ಎಂದಳು. ನಾನು ಮಾತನಾಡಲಿಲ್ಲ. ಹಿಂದೆ ಕಾರು ಮಾರಿದಾಗಲೂ ಅವಳು ಬಳೆಗಳನ್ನು ತೆಗೆದುಕೊಟ್ಟಿದ್ದಳು. ಆಗ ನಾನು ದೊಡ್ಡಸ್ತಿಕೆಯಿಂದ ಬೇಡವೆಂದಿದ್ದೆನು. ಈ ಸಲ ತೆಗೆದುಕೊಂಡು ಹೋಗಿ ಅಡವಿಟ್ಟೆನು. ಅಂಗಿಗಳು ರಾತ್ರಿಯ ಬಸ್ಸಿಗೆ ಬಂದುವು. ವಿದ್ಯಾರ್ಥಿಗಳ ಮುಖಂಡನನ್ನು ಕರೆದು ಕೆಟ್ಟ ಅಂಗಿಯನ್ನು ತೋರಿಸಿ ಇದ್ದುದನ್ನು ಇದ್ದಂತೆ ಹೇಳಿದೆನು. 31ರ ಸಂಜೆಗೆ 140 ಒಪ್ಪಿಸಿದೆವು. ಉಳಿದ ಎಂಬತ್ತು ಧ್ವಜ ಏರಿಸುವುದಕ್ಕೆ ಒಂದು ಗಂಟೆ ಮುಂಚೆ ತಲುಪಿದುವು, ಕೆಲವು ಇನ್ನೂ ಬೆಚ್ಚಗಿದ್ದುವು. ಬಳೆಗಳನ್ನು ಬಿಡಿಸಿಕೊಳ್ಳುವುದಕ್ಕೆ ಏಳು ತಿಂಗಳು ಹಿಡಿಯಿತು. ಕೆಟ್ಟ ಅಂಗಿಗಳನ್ನು ಗ್ಯಾರೇಜಿನವರು ಯಂತ್ರ ಒರೆಸುವುದಕ್ಕೆ ಒಯ್ದರು. ಒಂದನ್ನು ಅಂಗಡಿಯ ಗೋಡೆಗೆ ಹಾಕಿದ್ದೇನೆ. ಅಂದಿನಿಂದ ಕನ್ನಡದ ಕೆಲಸವೆಂದರೆ ಅಕ್ಷರಗಳನ್ನು ರೇಖಾಚಿತ್ರವಾಗಿ ಮಾರ್ಪಡಿಸಿದ ಹೊರತು ಕಡತವನ್ನು ಹೊರಗೆ ಕಳುಹಿಸುವುದಿಲ್ಲ. ಮೊದಲ ಅಂಗಿಯನ್ನು ನಮ್ಮ ತಾಯಿಯವರು ಓದಿ ಹೇಳಿದ ಮೇಲೆಯೇ ಎರಡನೆಯದು.

ಹೊಸದಾಗಿ ಇಳಿಯುವ ತರುಣರಿಗೆ ವ್ಯವಹಾರದ ಒಂದೆರಡು ಸಂಗತಿಗಳು. ಸಣ್ಣ ಯಂತ್ರಗಳಿಗೆ ಮುದ್ರಾ ಯೋಜನೆಯ ಸಾಲವು ದೊರೆಯುವುದು. ಐವತ್ತು ಸಾವಿರದವರೆಗಿನ ಶಿಶು ಎಂಬ ವರ್ಗವೇ ಆರಂಭಕ್ಕೆ ಸಾಕು, ನಾನು ಅಷ್ಟರಿಂದಲೇ ತೊಡಗಿದೆನು. ಉಡುಪಿನ ಮೇಲಣ ಜಿ.ಎಸ್.ಟಿ. ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬೆಲೆಯ ಒಂದೊಂದು ಉಡುಪಿಗೆ ನೂರಕ್ಕೆ ಐದು. ಮೊದಲು ಈ ಮಿತಿಯು ಸಾವಿರವಿದ್ದಿತು. ಇನ್ನು, ಉದ್ಯಮವು ಕೆಟ್ಟವರು ಕಂಪನಿಯನ್ನು ಹಾಗೆಯೇ ಬಿಟ್ಟು ಓಡಬೇಡಿರಿ. ವಾರ್ಷಿಕ ಪತ್ರಗಳನ್ನು ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷ ಅನರ್ಹರಾಗುವರು. ಹೆಸರನ್ನು ತೆಗೆಯಿಸಿಬಿಡೋಣವೆಂದರೆ 2013ರ ಕಂಪನಿ ಕಾಯಿದೆಯ 248ನೆಯ ಕಲಮಿನಂತೆ ಮೊದಲು ಋಣಗಳೆಲ್ಲ ತೀರಿರಬೇಕು. ಆದುದರಿಂದಲೇ ಒಂದು ಮೇಜೂ ಇಲ್ಲದ, ಒಬ್ಬ ನೌಕರನೂ ಇಲ್ಲದ ನಮ್ಮ ಆ ಹಳೆಯ ಕಂಪನಿಯು ಇಂದಿಗೂ ಕಾಗದದ ಮೇಲೆ ಜೀವಿಸಿರುವುದು. ವರ್ಷ ವರ್ಷವೂ ಅದರ ಪತ್ರಗಳನ್ನು ಸಲ್ಲಿಸುತ್ತಿದ್ದೇವೆ.

ಹದಿನಾಲ್ಕು ಮನೆಯವರಲ್ಲಿ ಹನ್ನೆರಡು ಮನೆಯವರ ಹಣವು ತೀರಿತು. ಹರಿಹರದ ಆ ರೈತರಿಗೆ 2022ರಲ್ಲಿಯೇ ಕೊಟ್ಟೆನು. ಎಣಿಸಿಕೊಂಡು, ಮಗಳ ಮದುವೆಯು ಮನೆಯ ಅಂಗಳದಲ್ಲಿಯೇ ಆಗಿಹೋಯಿತೆಂದೂ ಮೊಮ್ಮಗನು ನಡೆಯುತ್ತಿರುವನೆಂದೂ ಹೇಳಿದರು. ಉಳಿದಿರುವುದು ಎರಡು ಮನೆ, 64,000 ರೂಪಾಯಿ. ಹಣವು ಸಿದ್ಧವಾಗಿದೆ, ಬೇರೆಯಾಗಿಯೇ ಇದೆ. ಆದರೆ ಮನೆಗಳು ಸಿಕ್ಕಲಿಲ್ಲ. ಬರೆದ ಕಾಗದಗಳು ಹಿಂದಕ್ಕೆ ಬಂದುವು, ಮೊಬೈಲಿನ ಸಂಖ್ಯೆಗಳು ಬೇರೆಯವರದಾಗಿವೆ. ಒಂದು ಮನೆಯವರು ಹೊಳಲ್ಕೆರೆಯ ಕಡೆಯವರು, ಇನ್ನೊಂದು ಮನೆಯವರು ಚನ್ನಗಿರಿಯ ಕಡೆಯವರು. ಎರಡೂ ಮದುವೆಗಳು 2020ರ ಮೇ ತಿಂಗಳಿಗೆ ಗೊತ್ತಾಗಿದ್ದುವು. ಹೆಸರುಗಳನ್ನು ಸಭೆಯಲ್ಲಿ ಹೇಳುವುದು ಅವರಿಗೆ ಒಪ್ಪಿಗೆಯಾಗದಿರಬಹುದು. ಶ್ರೀಮಠದ ಭಕ್ತರು ಆ ಎರಡೂ ತಾಲ್ಲೂಕುಗಳಿಂದ ಇಂದು ಬಹಳ ಮಂದಿ ಬಂದಿರುವುದನ್ನು ನೋಡುತ್ತಿದ್ದೇನೆ. ಅಂಥ ಮನೆಯನ್ನು ಬಲ್ಲವರು ಯಾರಾದರೂ ಇದ್ದರೆ, ರಸೀತಿಯ ಪುಸ್ತಕವನ್ನು ತಂದಿದ್ದೇನೆ. ಪ್ರಸಾದವಾದ ಮೇಲೆ ಸಂಜೆಯವರೆಗೂ ದಾಸೋಹದ ಮನೆಯ ಜಗಲಿಯ ಮೇಲೆ ಕುಳಿತಿರುತ್ತೇನೆ.